ಗೀರಿಲ್ಲದ ಗಾಗಲ್ಸ್‌ಗೇ ಜಾಸ್ತಿ ಬೆಲೆ: ಕಾರ್ಖಾನೆ ಕನ್ನಡಕಗಳ ಹಿಂದಿನ ಕತೆ

ಹಳೆಯ ಕಾರ್ಖಾನೆ ಕನ್ನಡಕಗಳನ್ನು ಕೂಡಿಡುವವರ ಲೋಕದಲ್ಲಿ ಒಂದು ವಿಚಿತ್ರ ಲೆಕ್ಕ ಇದೆ. ತಗಡಿನ ಡಬ್ಬಿಯಲ್ಲೇ ಉಳಿದು, ಒಂದು ಗೀರೂ ಬೀಳದ ಗಾಗಲ್ಸ್‌ಗೆ ಜಾಸ್ತಿ ಬೆಲೆ. ವರ್ಷಗಟ್ಟಲೆ ಯಾರದೋ ಮೂಗಿನ ಮೇಲೆ ಕೂತು, ಬೆವರು ಕುಡಿದು, ಗಾಜಿನ ತುಂಬ ಕಿಡಿ ಕಚ್ಚಿಸಿಕೊಂಡ ಗಾಗಲ್ಸ್‌ಗೆ ಕಡಿಮೆ. ನಾಣ್ಯ, ಅಂಚೆಚೀಟಿಗಾದರೆ ಈ ಲೆಕ್ಕ ಸರಿ. ಕನ್ನಡಕದ ವಿಷಯದಲ್ಲಿ ಸ್ವಲ್ಪ ಯೋಚನೆ ಮಾಡಬೇಕು. ಆ ಜೋಡಿ ಅಷ್ಟು ಚೆನ್ನಾಗಿ ಉಳಿದದ್ದು ಯಾಕೆ? ಕೆಲವು ಸ್ಟೋರ್ ರೂಮಿನಲ್ಲಿ ಮಿಕ್ಕಿದ ಮಾಲು ಇರಬಹುದು, ಒಪ್ಪೋಣ. ಇನ್ನು ಕೆಲವು ಉಳಿದದ್ದು, ಕೊಟ್ಟವರು ಕೊಟ್ಟರೂ ಯಾರೂ ಹಾಕಿಕೊಳ್ಳದೇ ಇದ್ದುದಕ್ಕೆ.

ಕಾರ್ಖಾನೆ ಕನ್ನಡಕದ ಇತಿಹಾಸ ಅಂದರೆ ಬಹುಪಾಲು ಇದೇ ಜಗ್ಗಾಟ. ಕಣ್ಣು ಉಳಿಸುವ ಸಾಮಾನು ಮಾಡುವುದು ಅಷ್ಟು ಕಷ್ಟವಾಗಲಿಲ್ಲ. ಅದನ್ನು ಮಾಲೀಕ ಕೊಡುವಂತೆ, ಕೆಲಸಗಾರ ಹಾಕಿಕೊಳ್ಳುವಂತೆ ಮಾಡುವುದಕ್ಕೆ ನೂರು ವರ್ಷ ಹಿಡಿಯಿತು.

ಮೊದಮೊದಲು ಕೆಲವದರಲ್ಲಿ ಗಾಜೇ ಇರಲಿಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ರಸ್ತೆಗೆ ಜಲ್ಲಿ ಒಡೆಯುವವರು ಹಾಕುತ್ತಿದ್ದದ್ದು ಸಣ್ಣ ತಂತಿಬಲೆಯ ಬಟ್ಟಲುಗಳು. ಟೀ ಸೋಸುವ ಜರಡಿಯನ್ನು ಎರಡು ಕಣ್ಣಿಗೂ ಕಟ್ಟಿಕೊಂಡ ಹಾಗೆ. ನೋಡಿದರೆ ನಗು ಬರುತ್ತದೆ, ಆದರೆ ಮಾಡಿದವನು ದಡ್ಡನಲ್ಲ. ಬಲೆಗೆ ಆವಿ ಕಟ್ಟುವುದಿಲ್ಲ. ಬಿದ್ದರೆ ಒಡೆಯುವುದಿಲ್ಲ. ಕಲ್ಲಿನ ಚೂರು ತಡೆಯುತ್ತದೆ. ಪುಡಿ ಮಾತ್ರ ಒಳಗೆ ಬರುತ್ತದೆ. ಅದೇ ಕಾಲದಲ್ಲಿ ರೈಲಿನಲ್ಲಿ ಹೋಗುವವರಿಗೂ ಕನ್ನಡಕ ಬಂತು. ಇಂಜಿನ್ನಿನ ಕೆಂಡದ ಚೂರು ಕಣ್ಣಿಗೆ ಬೀಳದಿರಲಿ ಅಂತ ಬಣ್ಣದ ಗಾಜು, ಪಕ್ಕಕ್ಕೆ ಬಲೆ. ಇವತ್ತು ಸಂಗ್ರಾಹಕರ ಕೈಗೆ ಸಿಗುವ ಬಹಳ ಹಳೆಯ ಜೋಡಿಗಳಲ್ಲಿ ಈ ಎರಡು ಜಾತಿ ಸೇರಿವೆ. 1880ರಲ್ಲಿ ಅಮೆರಿಕದ ಅಲಬಾಮಾದ ಪೊವೆಲ್ ಜಾನ್ಸನ್ ಎಂಬ ಕಪ್ಪು ಜನಾಂಗದ ವ್ಯಕ್ತಿ ಕಣ್ಣಿನ ರಕ್ಷಕಕ್ಕೆ ಪೇಟೆಂಟ್ ಪಡೆದರು. ಕುಲುಮೆಯಂಥ ಪ್ರಖರ ಬೆಳಕಿನ ಎದುರು ನಿಂತು ದುಡಿಯುವವರಿಗೆಂದು ಮಾಡಿದ್ದು ಅದು.

ಅಂದರೆ ಸಾಮಾನು ಇತ್ತು. ಆದರೂ ಕಾರ್ಖಾನೆಗಳಲ್ಲಿ ಕಣ್ಣು ಹೋಗುವುದು ನಿಲ್ಲಲಿಲ್ಲ. ಯಾಕೆಂದರೆ ಹೋದ ಕಣ್ಣಿಗೆ ಮಾಲೀಕ ದುಡ್ಡು ಕೊಡಬೇಕಾಗಿರಲಿಲ್ಲ. ಕೋರ್ಟಿಗೆ ಹೋದರೆ ಸಿಗುತ್ತಿದ್ದ ಉತ್ತರ ಸುಮಾರಾಗಿ ಹೀಗೆ: ಅಪಾಯ ಗೊತ್ತಿದ್ದೇ ತಾನೇ ಕೆಲಸಕ್ಕೆ ಸೇರಿದ್ದು? ಇಲ್ಲವೇ, ತಪ್ಪು ನಿನ್ನ ಜೊತೆಯವನದು, ಮಾಲೀಕನದಲ್ಲ. ಕ್ರಿಸ್ಟಲ್ ಈಸ್ಟ್‌ಮನ್ ಎಂಬ ವಕೀಲೆ ಉಕ್ಕಿನ ಊರು ಪಿಟ್ಸ್‌ಬರ್ಗ್ ಇರುವ ಅಲೆಗೆನಿ ಕೌಂಟಿಯಲ್ಲಿ 1906ರ ಜುಲೈನಿಂದ ಒಂದು ವರ್ಷದ ಕೆಲಸದ ಸಾವುಗಳನ್ನು ಒಂದೊಂದಾಗಿ ಲೆಕ್ಕ ಹಾಕಿದರು. 526 ಸಾವು. ಪರಿಹಾರದ ಕಾನೂನು ಬೇಕೆಂಬ ಕೂಗಿಗೆ ಆ ಲೆಕ್ಕ ದೊಡ್ಡ ಬಲ ಕೊಟ್ಟಿತು. ಬ್ರಿಟನ್ನಿನಲ್ಲಿ ಇಂಥ ಕಾನೂನು 1897ರಲ್ಲೇ ಬಂದಿತ್ತು. ಅಮೆರಿಕದಲ್ಲಿ 1911ರಲ್ಲಿ ವಿಸ್ಕಾನ್ಸಿನ್ ದಾರಿ ತೋರಿಸಿತು, ಉಳಿದ ರಾಜ್ಯಗಳು ಹಿಂದೆಯೇ ಬಂದವು. ನಮ್ಮಲ್ಲಿ 1923ರಲ್ಲಿ. ಈ ಕಾನೂನುಗಳ ಜೊತೆಗೊಂದು ಪಟ್ಟಿ ಇರುತ್ತದೆ. ಬೆರಳಿಗೆ ಇಷ್ಟು, ಕೈಗೆ ಇಷ್ಟು, ಕಣ್ಣಿಗೆ ಇಷ್ಟು. ತಿದ್ದುಪಡಿಗಳಾದ ಮೇಲೆ ಭಾರತದ ಪಟ್ಟಿಯಲ್ಲಿ ಒಂದು ಕಣ್ಣು ಕಳೆದುಕೊಂಡರೆ ದುಡಿಮೆಯ ಶಕ್ತಿಯಲ್ಲಿ ಶೇ. 40 ನಷ್ಟ, ಕಣ್ಣುಗುಡ್ಡೆ ಇದ್ದು ನೋಟ ಮಾತ್ರ ಹೋದರೆ ಶೇ. 30. ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಕಣ್ಣಿಗೆ ಹೀಗೊಂದು ಬೆಲೆ ಬಿದ್ದ ಮೇಲೆಯೇ ಕನ್ನಡಕ ಅಗ್ಗ ಅಂತ ಮಾಲೀಕರಿಗೆ ಕಂಡದ್ದು. ಲೆಕ್ಕದ ಪುಸ್ತಕಕ್ಕೆ ಮೊದಲು ಅರ್ಥವಾಯಿತು, ಮನಸ್ಸಿಗೆ ಆಮೇಲೆ.

ಇಲ್ಲಿಂದ ಸಂಗ್ರಾಹಕರಿಗೆ ಪರಿಚಯದ ಹೆಸರುಗಳು ಶುರುವಾಗುತ್ತವೆ. ಮ್ಯಾಸಚೂಸೆಟ್ಸ್‌ನ ಸೌತ್‌ಬ್ರಿಡ್ಜ್ ಊರಿನ ಅಮೆರಿಕನ್ ಆಪ್ಟಿಕಲ್ ಕಂಪನಿ 1869ರಲ್ಲಿ ಆ ಹೆಸರು ಪಡೆದದ್ದು, ಬೇರು 1833ರ ಒಂದು ಸಣ್ಣ ಅಂಗಡಿಯಲ್ಲಿದೆ. ಊರಿಗೆ ಊರೇ ಕನ್ನಡಕ ಮಾಡಿಕೊಂಡು ಬದುಕಿತು. ಈಗ ಅಲ್ಲಿ ಕನ್ನಡಕದ ಮ್ಯೂಸಿಯಂ ಇದೆ. ಪೆನ್ಸಿಲ್ವೇನಿಯಾದ ರೆಡಿಂಗ್‌ನಲ್ಲಿ ವಿಲ್ಸನ್. ರಾಚೆಸ್ಟರ್‌ನಲ್ಲಿ ಬಾಷ್ ಅಂಡ್ ಲಾಂಬ್. ವಿಲ್ಸನ್ ಕಂಪನಿಯ ಪುಟ್ಟ ತಗಡಿನ ಡಬ್ಬಿಗಳಿಗಾಗಿಯೇ ಹುಡುಕುವವರಿದ್ದಾರೆ, ಒಳಗೆ ಕನ್ನಡಕ ಇಲ್ಲದಿದ್ದರೂ ಸರಿ.

ಇವರು ಮಾರಿದ ಒಂದೊಂದು ಮಾದರಿಯೂ ಕೆಲಸಗಾರನ ಒಂದೊಂದು ದೂರಿಗೆ ಉತ್ತರ. ಕೈಯಲ್ಲಿ ಹಿಡಿದು ನೋಡಿದರೆ ಆ ಜಗಳ ಕೇಳಿಸುತ್ತದೆ. ಆವಿ ಕಟ್ಟುತ್ತದೆ ಅಂದರು, ಅಲ್ಯೂಮಿನಿಯಂ ಬಟ್ಟಲಿನ ಸುತ್ತ ತೂತು ಬಂತು. ತೂತಿನಿಂದ ಕಿಡಿ ಬರುತ್ತದೆ ಅಂದರು, ತೂತಿಗೆ ಮರೆ ಬಂತು. ಅಂಚು ಕೆನ್ನೆಗೆ ಕೊರೆಯುತ್ತದೆ ಅಂದರು, ಚರ್ಮದ ಪಟ್ಟಿ ಹೊಲಿದರು. ಎಲ್ಲರ ಮೂಗೂ ಒಂದೇ ಅಳತೆಯಲ್ಲ ಅಂದರು, ಎರಡು ಬಟ್ಟಲುಗಳ ನಡುವೆ ಸಣ್ಣ ಮಣಿಸರ ಹಾಕಿದರು. ಬೇಕಾದಷ್ಟು ಮಣಿ ಎಳೆದುಕೊಳ್ಳಬಹುದು. ಗ್ಯಾಸ್ ವೆಲ್ಡಿಂಗ್ ಗಾಗಲ್ಸ್ ನೋಡಿದವರಿಗೆ ಈ ಮಣಿಸರ ಗೊತ್ತು. ಬಗ್ಗಿದಾಗ ಜಾರುತ್ತದೆ ಅಂದರು, ಕಿವಿಯ ಹಿಂದೆ ಸುತ್ತಿಕೊಳ್ಳುವ ತಂತಿ ಕಡ್ಡಿ ಬಂತು. ಚಂದ ಕಾಣುವುದಿಲ್ಲ ಅನ್ನುವ ದೂರಿಗೆ ಮಾತ್ರ ಉತ್ತರ ಸಿಗಲು ಬಹಳ ಕಾಲ ಬೇಕಾಯಿತು. ಮಾಮೂಲಿ ಕನ್ನಡಕದಂತೆಯೇ ಕಾಣುವ, ಪಕ್ಕಕ್ಕೆ ಬಲೆ ಇರುವ ದಪ್ಪ ಫ್ರೇಮುಗಳು ಬಂದದ್ದು ಹಾಗೆ. ಅವೇ ಫ್ರೇಮುಗಳನ್ನು ಇವತ್ತಿನ ಹುಡುಗರು ಫ್ಯಾಷನ್ನಿಗೆ ಹುಡುಕಿ ಕೊಳ್ಳುತ್ತಾರೆ ಅಂದರೆ ಆ ಕಾಲದ ಫೋರ್‌ಮನ್ ನಂಬುತ್ತಿದ್ದನೇ?

ಬರೀ ಸಾಮಾನು ಸಾಲದಾದಾಗ ಕ್ಲಬ್ಬನ್ನೂ ಕಟ್ಟಿದರು. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ‘ವೈಸ್ ಔಲ್ ಕ್ಲಬ್’ ಶುರುವಾಯಿತು. ಸೇರಬೇಕಾದರೆ ಒಂದೇ ಅರ್ಹತೆ: ಹಾಕಿಕೊಂಡಿದ್ದ ಕನ್ನಡಕ ನಿಮ್ಮ ಕಣ್ಣು ಉಳಿಸಿರಬೇಕು. ಸದಸ್ಯನಿಗೆ ಗೂಬೆಯ ಬಿಲ್ಲೆ. ನಮ್ಮಲ್ಲಾದರೆ ಗೂಬೆ ಅಂದ ಕೂಡಲೇ ಅಪಶಕುನ ಅಂತಿದ್ದರು, ಅಲ್ವಾ? ಅಲ್ಲಿ ಅದು ಜಾಣತನದ ಗುರುತು. ನನ್ನ ಮಟ್ಟಿಗೆ ಯಾವ ಗೀರಿಲ್ಲದ ಗಾಗಲ್ಸ್‌ಗಿಂತಲೂ ಆ ಬಿಲ್ಲೆಯೇ ಹೆಚ್ಚು. ಪ್ರತಿ ಬಿಲ್ಲೆಯ ಹಿಂದೆ ಒಂದು ಒಡೆದ ಗಾಜು ಇದೆ.

ಗಾಜಿನ ಕತೆಯೇ ಬೇರೆ. ಇಂಗ್ಲೆಂಡಿನ ಬಾಟಲಿ ಕಾರ್ಖಾನೆಗಳಲ್ಲಿ ಕುಲುಮೆಯ ಮುಂದೆ ನಿಲ್ಲುವವರಿಗೆ ಬೇಗ ಕಣ್ಣಿನ ಪೊರೆ ಬರುತ್ತಿತ್ತು. ಕಾರ್ಖಾನೆಗಳ ವೈದ್ಯಕೀಯ ಇನ್‌ಸ್ಪೆಕ್ಟರ್ ಥಾಮಸ್ ಲೆಗ್ 1907ರಲ್ಲಿ ಇದರ ಬಗ್ಗೆ ವರದಿ ಕೊಟ್ಟರು. ಮರುವರ್ಷ ವಿಜ್ಞಾನಿಗಳ ಸಂಸ್ಥೆಯಾದ ರಾಯಲ್ ಸೊಸೈಟಿ ಸಮಿತಿ ಮಾಡಿತು. ಅದರಲ್ಲಿ ವಿಲಿಯಂ ಕ್ರೂಕ್ಸ್ ಇದ್ದರು. ಥ್ಯಾಲಿಯಂ ಧಾತುವನ್ನು ಕಂಡುಹಿಡಿದವರು, ಆಗ ವಯಸ್ಸು ಎಪ್ಪತ್ತು ದಾಟಿತ್ತು. ಸೀರಿಯಂ, ಕಬ್ಬಿಣ ಹೀಗೆ ಒಂದೊಂದನ್ನೂ ಬೆರೆಸಿ ನೂರಾರು ಬಗೆಯ ಗಾಜು ಕಾಯಿಸಿ, ಯಾವುದು ಕಾಣದ ಕಿರಣಗಳನ್ನು ತಡೆಯುತ್ತದೆ ಅಂತ ಅಳೆದರು. ಸೀರಿಯಂ ಅತಿನೇರಳೆಯನ್ನು ತಡೆಯಿತು, ಕಬ್ಬಿಣ ಶಾಖವನ್ನು. 1914ರಲ್ಲಿ ಫಲಿತಾಂಶ ಅಚ್ಚಾಯಿತು. ಕುಲುಮೆಯವನಿಗೆಂದು ಹುಟ್ಟಿದ ಆ ಗಾಜು ಮಾಮೂಲಿ ತಂಪು ಕನ್ನಡಕಕ್ಕೂ ಬಂತು. ನಮ್ಮ ಹಳೆಯ ಕನ್ನಡಕದಂಗಡಿಗಳಲ್ಲೂ ‘ಕ್ರೂಕ್ಸ್ ಗ್ಲಾಸ್’ ಎಂಬ ಮಾತು ಬಹಳ ವರ್ಷ ಓಡಾಡುತ್ತಿತ್ತು. ಕ್ರೂಕ್ಸ್ ಯಾರು ಅಂತ ಕೊಂಡವರಿಗೂ ಗೊತ್ತಿರಲಿಲ್ಲ, ಮಾರಿದವರಿಗೂ ಪ್ರಾಯಶಃ ಗೊತ್ತಿರಲಿಲ್ಲ.

ಗಾಜು ಊದುವವರ ಇನ್ನೊಂದು ಜೋಡಿ ನನಗೆ ಬಹಳ ಇಷ್ಟ. ಅದರ ಗಾಜಿಗೆ ಡಿಡಿಮಿಯಂ ಅನ್ನುತ್ತಾರೆ. ನಿಯೋಡಿಮಿಯಂ ಮತ್ತು ಪ್ರಸಿಯೋಡಿಮಿಯಂ ಎಂಬ ಎರಡು ಧಾತುಗಳ ಬೆರಕೆ. ಬಿಸಿ ಗಾಜಿನಲ್ಲಿರುವ ಸೋಡಿಯಂ ಜ್ವಾಲೆಯಲ್ಲಿ ಹಳದಿಯಾಗಿ ಉರಿಯುತ್ತದೆ. ಅಡುಗೆ ಒಲೆಯ ಉರಿಗೆ ಉಪ್ಪುನೀರು ಚೆಲ್ಲಿದಾಗ ಕಾಣುತ್ತದಲ್ಲ, ಅದೇ ಹಳದಿ. ಅದರ ಹಿಂದೆ ಏನು ನಡೆಯುತ್ತಿದೆ ಅಂತ ಕೆಲಸಗಾರನಿಗೆ ಕಾಣುವುದೇ ಇಲ್ಲ. ಡಿಡಿಮಿಯಂ ಗಾಜು ಸರಿಯಾಗಿ ಆ 589 ನ್ಯಾನೋಮೀಟರ್ ತರಂಗಾಂತರದ ಹಳದಿಯನ್ನೇ ನುಂಗುತ್ತದೆ. ಹಾಕಿಕೊಂಡ ಕೂಡಲೇ ಉರಿ ಮಾಯ, ಗಾಜು ಸ್ಪಷ್ಟ. ಗುಜರಿಯಲ್ಲಿ ಇದನ್ನು ಗುರುತಿಸುವುದೂ ಸುಲಭ. ಬಿಸಿಲಲ್ಲಿ ತಿಳಿ ನೇರಳೆ, ಟ್ಯೂಬ್‌ಲೈಟ್ ಕೆಳಗೆ ನೀಲಿ ಛಾಯೆ. ಆದರೆ ಶಾಖದ ಕಿರಣಗಳಿಗೆ ಇದು ದೊಡ್ಡ ತಡೆಯಲ್ಲ.

ಒಡೆಯದ ಗಾಜಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಅವರ ಲ್ಯಾಬಿನಲ್ಲಿ ಒಂದು ಫ್ಲಾಸ್ಕ್ ಕೆಳಗೆ ಬಿತ್ತು. ಬಿರುಕು ಬಿಟ್ಟರೂ ಚೂರು ಚೂರಾಗಲಿಲ್ಲ. ಒಳಗೆ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಒಣಗಿ ಅಂಟಿತ್ತು. 1909ರಲ್ಲಿ ಪೇಟೆಂಟ್ ಬಂತು. ಎರಡು ಗಾಜಿನ ನಡುವೆ ಒಂದು ಪದರ, ಹೆಸರು ಟ್ರಿಪ್ಲೆಕ್ಸ್. ಮೊದಲ ಮಹಾಯುದ್ಧದ ವಿಷಾನಿಲ ಮುಖವಾಡಗಳ ಕಣ್ಣಿಗೆ ಇದನ್ನೇ ಹಾಕಿದರು. ಹಳೆಯ ಪದರದ ಗಾಜು ಈಗ ಹಳದಿಯಾಗಿರುತ್ತದೆ, ಅಂಚಿನಲ್ಲಿ ಗುಳ್ಳೆ ಎದ್ದಿರುತ್ತದೆ. ಅದನ್ನು ಕೊಳೆ ಅಂದುಕೊಂಡು ಉಜ್ಜುತ್ತಾ ಕೂರಬೇಡಿ.

ಇನ್ನೊಂದು ದಾರಿ ಟೆಂಪರ್ ಮಾಡುವುದು. ಗಾಜನ್ನು ಮೆತ್ತಗಾಗುವ ಹತ್ತಿರಕ್ಕೆ ಕಾಯಿಸಿ, ಎರಡೂ ಕಡೆ ಗಾಳಿ ಊದಿ ತಟ್ಟನೆ ತಣಿಸುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ತಣಿದು ಕುಗ್ಗುವಾಗ ಮೇಲ್ಮೈಯನ್ನು ಬಿಗಿಯಾಗಿ ಹಿಡಿದು ಒತ್ತುತ್ತದೆ. ಆ ಒತ್ತಡವೇ ಗಾಜಿನ ಬಲ. ಪರೀಕ್ಷೆಯೂ ಸರಳ: ಒಂದು ಇಂಚಿನ ಉಕ್ಕಿನ ಗುಂಡನ್ನು 50 ಇಂಚು ಮೇಲಿಂದ ಗಾಜಿನ ಮೇಲೆ ಬೀಳಿಸು, ಒಡೆಯಬಾರದು. ಅಮೆರಿಕದಲ್ಲಿ 1970ರ ಕೊನೆಗೆ ಕೆಲಸದ ಜಾಗದ ಸುರಕ್ಷತೆಗೆ ರಾಷ್ಟ್ರಮಟ್ಟದ ಕಾನೂನು ಬಂತು. ಅಲ್ಲಿನ ಫ್ರೇಮುಗಳ ಮೇಲಿನ ‘ಝಡ್ 87’ ಗುರುತು ಕಣ್ಣಿನ ರಕ್ಷಣೆಯ ಮಾನದಂಡದ್ದು. ಆ ಮಾನದಂಡ ಕಾನೂನಿಗೂ ಮೊದಲಿನದು, 1968ರದು, ಆಮೇಲೆ ಹಲವು ಸಲ ತಿದ್ದಿದ್ದು. ಆ ಗುರುತಿದ್ದರೆ ಜೋಡಿ 1968ಕ್ಕಿಂತ ಹಳೆಯದಲ್ಲ ಅಂತ ಸಂಗ್ರಾಹಕ ಲೆಕ್ಕ ಹಾಕಬಹುದು. ‘1930ರ ಅಪರೂಪದ ಮಾಲು’ ಅಂತ ಮಾರುವವನ ಬಾಯಿ ಮುಚ್ಚಿಸಲು ಇಷ್ಟು ಸಾಕು.

ಗಾಜನ್ನು ಕೊನೆಗೆ ಮೂಲೆಗೆ ತಳ್ಳಿದ್ದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. 1953ರಲ್ಲಿ ಜರ್ಮನಿಯ ಬೇಯರ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಎರಡೂ ಕಡೆ, ಒಬ್ಬರಿಗೊಬ್ಬರು ತಿಳಿಯದೆ ಅದನ್ನು ಮಾಡಿದರು. ಈಗಿನ ಹೊಡೆತದ ಪರೀಕ್ಷೆಯಲ್ಲಿ ಕಾಲಿಂಚಿನ ಉಕ್ಕಿನ ಗುಂಡನ್ನು ಗಂಟೆಗೆ ಸುಮಾರು 165 ಕಿ.ಮೀ. ವೇಗದಲ್ಲಿ ಕನ್ನಡಕಕ್ಕೆ ಹೊಡೆಯುತ್ತಾರೆ. ಹಗುರವಾದ ಪಾಲಿಕಾರ್ಬೊನೇಟ್ ಇದನ್ನು ತಡೆದುಕೊಳ್ಳುತ್ತದೆ. ಆದರೆ ಬೇಗ ಗೀರು ಬೀಳುತ್ತದೆ, ಬಿದ್ದರೆ ಎಸೆಯುತ್ತಾರೆ. ಇವನ್ನು ಮುಂದೆ ಯಾರಾದರೂ ಕೂಡಿಡುತ್ತಾರೆ ಅಂತ ನನಗೇನೂ ನಂಬಿಕೆಯಿಲ್ಲ.

ನಮ್ಮಲ್ಲಿ 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 35ನೇ ಸೆಕ್ಷನ್ ಪೂರಾ ಕಣ್ಣಿನದೇ ಆಗಿತ್ತು. ಚೂರು ಸಿಡಿಯುವ ಕೆಲಸ, ಪ್ರಖರ ಬೆಳಕಿನ ಕೆಲಸ ಇರುವ ಕಡೆ ಮರೆ ಅಥವಾ ಸರಿಯಾದ ಗಾಗಲ್ಸ್ ಕೊಡಬೇಕೆಂದು ರಾಜ್ಯ ಸರ್ಕಾರ ನಿಯಮ ಮಾಡಬಹುದು ಅನ್ನುತ್ತಿತ್ತು ಅದು. ಆದರೂ ರಸ್ತೆ ಬದಿಯ ಗ್ರಿಲ್ ಅಂಗಡಿಯಲ್ಲಿ, ಒಂದು ಕೈಯಲ್ಲಿ ಹೋಲ್ಡರ್ ಹಿಡಿದು, ಇನ್ನೊಂದು ಕೈ ಕಣ್ಣಿಗೆ ಅಡ್ಡ ಹಿಡಿದು ವೆಲ್ಡಿಂಗ್ ಮಾಡುವ ಹುಡುಗನನ್ನು ನೀವೂ ನೋಡಿರುತ್ತೀರಿ. ಕತ್ತಿನಲ್ಲಿ ಗಾಗಲ್ಸ್ ನೇತಾಡುತ್ತಿರುತ್ತದೆ. ಕೇಳಿದರೆ ‘ಏನೂ ಕಾಣಲ್ಲ ಸಾರ್’ ಅಂತಾನೆ. ಜಲ್ಲಿ ಒಡೆಯುವವರ ತಂತಿಬಲೆ ಹುಟ್ಟಿದ್ದೂ ಇದೇ ಮಾತಿಗೆ.

ಕೂಡಿಡಲು ಹೊರಟವರಿಗೆ ಒಂದೆರಡು ಮಾತು. ಹಿತ್ತಾಳೆ, ಚರ್ಮದ ಗಾಗಲ್ಸ್‌ಗೆ ಈಗ ಸ್ಟೀಮ್‌ಪಂಕ್, ಅಂದರೆ ಹಬೆಯಂತ್ರದ ಕಾಲದ ಶೈಲಿಯ ವೇಷ ಹಾಕುವವರ ಪೈಪೋಟಿ ಇದೆ, ಹಾಗಾಗಿ ಸುಮ್ನೆ ಹೊಳಪು ಕೊಟ್ಟ ಹೊಸ ಮಾಲು ಕೂಡ ಹಳೆಯದರ ಹೆಸರಿನಲ್ಲಿ ಬರುತ್ತದೆ. ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಫ್ರೇಮನ್ನು ಬೆರಳಲ್ಲಿ ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಅದು ಹಳಸಿದಾಗ ಬಿಡುವ ಆಮ್ಲ ಪಕ್ಕದ ಲೋಹವನ್ನೂ ತಿನ್ನುತ್ತದೆ, ಬೆಂಕಿ ಹತ್ತಿದರೆ ಭಗ್ಗೆನ್ನುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಇಡಬೇಡಿ. ಗ್ರಹಣದ ದಿನ ಹಳೆಯ ಗ್ಯಾಸ್ ವೆಲ್ಡಿಂಗ್ ಗಾಗಲ್ಸ್ ಹಾಕಿ ಸೂರ್ಯನ ಕಡೆ ತಿರುಗಲೇಬೇಡಿ. ಅದರ ಕಪ್ಪು ಗ್ಲಾಸ್ ಸಾಮಾನ್ಯವಾಗಿ 5ನೇ ನಂಬರಿನ ಆಸುಪಾಸು ಇರುತ್ತದೆ. ಸೂರ್ಯನಿಗೆ 12ಕ್ಕೆ ಕಡಿಮೆ ಆಗುವುದಿಲ್ಲ. ಹಾಕಿಕೊಂಡು ಗ್ರೈಂಡಿಂಗ್ ಮಾಡುವುದಂತೂ ಬೇಡವೇ ಬೇಡ.

ಯಾಕೆ ಬೇಡ ಅನ್ನುವುದನ್ನು ನನ್ನದೇ ಒಂದು ಜೋಡಿ ತೋರಿಸಿಕೊಟ್ಟಿತು. ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಕ್ಕಿದ್ದು, ಕಂಪನಿಯ ಗುರುತು ಸವೆದು ಹೋಗಿದೆ. ಎರಡೂ ಗಾಜಿನ ಮೇಲೆ ಕಂದು ಚುಕ್ಕೆಗಳು, ಉಗುರಲ್ಲಿ ಕೆರೆದರೂ ಹೋಗದವು. ಗ್ರೈಂಡಿಂಗ್ ಕಿಡಿ ಬಿಸಿಯಲ್ಲೇ ಗಾಜಿಗೆ ಬೆಸೆದು, ಆಮೇಲೆ ತುಕ್ಕು ಹಿಡಿದದ್ದು. ಎಣಿಸಿದೆ, ಎಡಗಡೆ ಮೂವತ್ತಕ್ಕೆ ನಿಲ್ಲಿಸಿದೆ. ಆಮೇಲೆ ಲ್ಯಾಪ್‌ಟಾಪಿನ ಬಿಳಿ ಪರದೆ ಹಚ್ಚಿ, ಪೋಲರಾಯ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ, ನಡುವೆ ಈ ಗಾಗಲ್ಸ್ ಹಿಡಿದೆ. ಗಾಳಿ ಊದಿ ಟೆಂಪರ್ ಮಾಡಿದ ಗಾಜಿದ್ದರೆ ಅದರ ಒಳಗಿನ ಒತ್ತಡ ಕೂಡುವ ಚಿಹ್ನೆಯಂಥ (+) ಗೆರೆಯಾಗಿ ಕಾಣುತ್ತದೆ. ಎಡಗಡೆ ಗೆರೆ ಚೆನ್ನಾಗಿ ಕಂಡಿತು. ಬಲಗಡೆ ಬರೀ ಕಪ್ಪು. ಬಿಚ್ಚಿ ನೋಡಿದರೆ ಅದು ಎಡಗಡೆಯದಕ್ಕಿಂತ ತೆಳ್ಳಗಿತ್ತು, ಅಂಚನ್ನು ಇಕ್ಕಳದಲ್ಲಿ ಚಿವುಟಿ ದುಂಡಗೆ ಮಾಡಿದ್ದರು. ಯಾವಾಗಲೋ ಬಲಗಡೆ ಗಾಜು ಒಡೆದಿದೆ, ಬದಲಿಗೆ ಯಾರೋ ಕಿಟಕಿ ಗಾಜು ಕತ್ತರಿಸಿ ಕೂರಿಸಿದ್ದಾರೆ. ಆ ಗಾಜಿನ ಮೇಲೂ ಹನ್ನೊಂದು ಚುಕ್ಕೆ ಇವೆ.