ಶಿರೂರಿನಾಚೆ ಗುಂಟೆ, ಈಚೆ ಸೆಂಟ್ಸು

ಉತ್ತರ ಕನ್ನಡದ ಭಟ್ಕಳದ ಕಡೆಯವರು ಶಿರೂರಿನ ಗಡಿ ದಾಟಿ ಉಡುಪಿ ಜಿಲ್ಲೆಯ ಬೈಂದೂರಿನಲ್ಲಿ ಜಾಗ ನೋಡಲು ಬರುತ್ತಾರೆ. ಪಹಣಿಯಲ್ಲಿ 1.25 ಎಂದಿದ್ದರೆ ಸಲೀಸಾಗಿ ಒಂದೆಕರೆ ಇಪ್ಪತ್ತೈದು ಗುಂಟೆ ಎಂದು ಓದಿಬಿಡುತ್ತಾರೆ. ಅಲ್ಲ ಮಾರಾಯ್ರೆ, ಅದು ಇಪ್ಪತ್ತೈದು ಸೆಂಟ್ಸು! ಲೆಕ್ಕದಲ್ಲಿ ಮೂವತ್ತೇಳೂವರೆ ಸೆಂಟ್ಸು ಖೋತಾ. ಮುಂಗಡ ಕೊಟ್ಟ ಮೇಲೆ ಮಾರಿದವರನ್ನು ಬೈದು ಫಲವಿಲ್ಲ, ಅವರ ದಾಖಲೆ ಸರಿಯಾಗಿಯೇ ಇದೆ.

ಇದರ ಬೇರು 1862ರಲ್ಲಿದೆ. ಆಗ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಬೈಂದೂರೂ ಸೇರಿದ್ದ ಕುಂದಾಪುರ ತಾಲೂಕು ಮಾತ್ರ ದಕ್ಷಿಣ ಕನ್ನಡದ ಜೊತೆ ಮದ್ರಾಸಿನಲ್ಲೇ ಉಳಿಯಿತು. ಪ್ರಾಂತ್ಯದ ಗಡಿ ಸರಿಯಿತು, ಯಾರ ಗದ್ದೆಯ ಬದುವೂ ಸರಿಯಲಿಲ್ಲ. ಆದರೆ ಆಮೇಲೆ ಸರ್ವೆಗೆ ಬಂದವರ ಸರಪಳಿ ಬೇರೆ ಬೇರೆ. ಬೊಂಬಾಯಿಯದು 33 ಅಡಿ, ಅದರಲ್ಲಿ ಆಣೆ ಎಂಬ 16 ಭಾಗ; ಉದ್ದಗಲ ಒಂದೊಂದು ಸರಪಳಿಯಾದರೆ ಗುಂಟೆ, ಅಂದರೆ 1,089 ಚದರಡಿ. ಮದ್ರಾಸಿನದು 66 ಅಡಿ, ಅದರಲ್ಲಿ ಲಿಂಕು ಎಂಬ 100 ಕೊಂಡಿ. ಎಕರೆಯನ್ನು ನೂರು ಪಾಲು ಮಾಡಿದರೆ ಸೆಂಟ್ಸು, 435.6 ಚದರಡಿ. 1956ರಲ್ಲಿ ಎರಡೂ ಕಡೆ ಒಂದೇ ರಾಜ್ಯಕ್ಕೆ ಬಂದವು, ಅಳತೆ ಮಾತ್ರ ಹಾಗೇ ಉಳಿಯಿತು.

ಮಂಗಳೂರಿನವರಿಗೆ ಈ ತೊಂದರೆ ಅಷ್ಟಾಗಿ ಗೊತ್ತಿಲ್ಲ, ತಲಪಾಡಿ ಗಡಿಯಾಚೆ ಕೇರಳದಲ್ಲೂ ಸೆಂಟ್ಸೇ ತಾನೆ.

ಪಹಣಿಯಲ್ಲಿ ಚುಕ್ಕಿಯ ನಂತರದ ಅಂಕಿ 40 ಅಥವಾ ಹೆಚ್ಚಿದ್ದರೆ ಅದು ಗುಂಟೆಯಾಗಿರಲು ಸಾಧ್ಯವಿಲ್ಲ, 40 ಗುಂಟೆಗೆ ಎಕರೆ ತುಂಬುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಯಾವ ತಾಲೂಕಿನ ಪಹಣಿ ಎಂದು ಮೊದಲು ನೋಡಿ.

ಇದಕ್ಕಿಂತ ದೊಡ್ಡ ಫಜೀತಿ ಎಫ್‌ಎಂಬಿ ನಕ್ಷೆಯದು, ಅಂದರೆ ಜಾಗದ ಗಡಿಗೆರೆಗಳ ಅಳತೆ ಬರೆದ ಸರ್ವೆ ನಕ್ಷೆಯದು. ಗೆರೆಯ ಪಕ್ಕ 150 ಎಂದಿದ್ದರೆ ಟೇಪು ಹಿಡಿದು 150 ಅಡಿಗೆ ಗೂಟ ಹೊಡೆಯುವವರಿದ್ದಾರೆ. ಹಳೆಯ ನಕ್ಷೆಯಲ್ಲಿ ಅದು ಲಿಂಕು. ಒಂದು ಲಿಂಕಿಗೆ 7.92 ಇಂಚು, 150 ಲಿಂಕಿಗೆ 99 ಅಡಿ. ಉಳಿದ 51 ಅಡಿ ನೆರೆಮನೆಯವರ ತೋಟದೊಳಗೆ! ಅಲ್ಲಿ ಕೆಂಪುಕಲ್ಲಿನ ಪಾಗಾರ ಎದ್ದ ಮೇಲೆ ಅದನ್ನು ಕೆಡವಿಸುವುದು ಎಷ್ಟು ವರ್ಷದ ವ್ಯಾಜ್ಯ ಎಂದು ವಕೀಲರನ್ನು ಕೇಳಿ. ಇತ್ತೀಚಿನ ಪೋಡಿ (ಜಾಗ ಪಾಲು ಮಾಡಿದ) ನಕ್ಷೆ ಮೀಟರಿನಲ್ಲೂ ಇರಬಹುದು, ಆದ್ದರಿಂದ ಅಂದಾಜು ಬೇಡ. ಸಂಶಯವಿದ್ದರೆ ಕರಾರಿಗೆ ಸಹಿ ಹಾಕುವ ಮೊದಲೇ ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಅಳೆಸಿ ಗುರುತು ಹಾಕಿಸಲು, ಅರ್ಜಿ ಕೊಡಿ. ಅಳೆಯುವ ದಿನ ನೆರೆಯವರೂ ಸ್ಥಳದಲ್ಲಿರಲಿ.