ರಂಜಕ ಚಕ್ರಕ್ಕೆ ನಾವು ಕೈ ಹಾಕಿದ ಮೇಲೆ ಏನಾಯ್ತು?

ಸಾರಜನಕ ಚಕ್ರ ಓದಿ ಮುಗಿಸಿ ರಂಜಕಕ್ಕೆ (ಫಾಸ್ಫರಸ್) ಬಂದರೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಅಲ್ಲ. ರಂಜಕಕ್ಕೆ ಗಾಳಿಯ ದಾರಿ ಇಲ್ಲ. ಅದರ ಅನಿಲ ರೂಪ ಲೆಕ್ಕಕ್ಕೆ ಬರುವಷ್ಟೂ ಇಲ್ಲ, ಹಾಗಾಗಿ ನೀರಿನ ಜೊತೆ ಸಮುದ್ರಕ್ಕೆ ಇಳಿದದ್ದು ಮಳೆಯಾಗಿ ವಾಪಸ್ ಬರುವುದಿಲ್ಲ. ಇದೊಂದು ತಲೆಯಲ್ಲಿ ಕೂತರೆ ಉಳಿದದ್ದು ಸಲೀಸು.

ನಿಸರ್ಗದಲ್ಲಿ ಎಲ್ಲವೂ ನಿಧಾನ. ಬಂಡೆ ಸವೆದು ಅದರಲ್ಲಿನ ರಂಜಕ ಫಾಸ್ಫೇಟ್ ರೂಪದಲ್ಲಿ ಮಣ್ಣಿಗೆ ಸೇರುತ್ತದೆ, ಬೇರು ಅದನ್ನು ಹೀರುತ್ತದೆ, ಗಿಡದಿಂದ ಪ್ರಾಣಿಗೆ ಹೋಗಿ ಸಗಣಿ, ಮೂತ್ರ, ಮೂಳೆಯ ಮೂಲಕ ಮತ್ತೆ ಮಣ್ಣಿಗೇ ಬರುತ್ತದೆ. ಸ್ವಲ್ಪ ಮಾತ್ರ ಸಮುದ್ರದ ತಳದಲ್ಲಿ ಕಲ್ಲಾಗುತ್ತದೆ. ಆ ಕಲ್ಲು ನೆಲವಾಗಿ ಮೇಲೇಳಲು ಲಕ್ಷಗಟ್ಟಲೆ ಅಲ್ಲ, ಕೋಟಿಗಟ್ಟಲೆ ವರ್ಷ ಬೇಕು.

ನಾವು ಆ ಕಲ್ಲನ್ನೇ ಅಗೆದೆವು. 1842ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಸೂಪರ್‌ಫಾಸ್ಫೇಟ್ ಎಂಬ ಗೊಬ್ಬರಕ್ಕೆ ಪೇಟೆಂಟ್ ಪಡೆದರು. ಸುಲಭವಾಗಿ ಕರಗದ ಫಾಸ್ಫೇಟ್‌ಗೆ ಗಂಧಕಾಮ್ಲ ಹಾಕಿ ಗಿಡಕ್ಕೆ ಸಿಗುವಂತೆ ಮಾಡುವುದು, ಅಷ್ಟೇ. ಇದರಿಂದ ಕೋಟ್ಯಂತರ ಜನರ ಹೊಟ್ಟೆ ತುಂಬಿದೆ, ಅದನ್ನು ಮರೆಯಬಾರದು. ಆದರೆ ಹಾಕಿದ ಗೊಬ್ಬರವೆಲ್ಲ ಬೆಳೆಗೆ ಹೋಗುವುದಿಲ್ಲ. ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ, ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ, ಆಮೇಲೆ ಜೋರು ಮಳೆಗೆ ಮಣ್ಣು ಕೊಚ್ಚಿ ಹೋದಾಗ ಕಣಕ್ಕೆ ಅಂಟಿದ ರಂಜಕವೂ ಕೆರೆಗೆ ಹೋಗುತ್ತದೆ. ಚರಂಡಿ ನೀರು, ಡಿಟರ್ಜೆಂಟ್ ಸೇರಿದರೆ ಇನ್ನೂ ಜಾಸ್ತಿ.

ಕೆರೆಗೆ ಬಂದರೆ ಏನಾಗುತ್ತದೆ? ಇದಕ್ಕೆ ನನಗೆ ತುಂಬಾ ಇಷ್ಟವಾದ ಪ್ರಯೋಗ ಕೆನಡಾದ ಒಂಟಾರಿಯೊದ್ದು. 1973ರಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ತಂಡ 226ನೇ ಸಂಖ್ಯೆಯ ಸರೋವರದ ಕಿರಿದಾದ ನಡುವಿಗೆ ಒಂದು ಪರದೆ ಇಳಿಬಿಟ್ಟಿತು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಕಡೆ ಪಾಚಿ ಕಟ್ಟಿ ಹಸಿರಾಯಿತು, ಪರದೆಯ ಈಚೆ ನೀರು ಮೊದಲಿನಂತೆಯೇ ಇತ್ತು. ಮೇಲಿನಿಂದ ತೆಗೆದ ಫೋಟೋ ಒಮ್ಮೆ ನೋಡಿ, ಮತ್ತೆ ಮರೆಯುವುದಿಲ್ಲ.

ಪಾಚಿ ಸತ್ತು ತಳಕ್ಕೆ ಬೀಳುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಆಮ್ಲಜನಕ ಖಾಲಿ ಮಾಡುತ್ತವೆ, ಮೀನು ಉಸಿರುಗಟ್ಟಿ ಸಾಯುತ್ತವೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮುಂದಿನದನ್ನೂ ಗಮನಿಸಿ: ಆಮ್ಲಜನಕ ಇರುವವರೆಗೆ ತಳದ ಕೆಸರಿನಲ್ಲಿ ಕಬ್ಬಿಣ ಫಾಸ್ಫೇಟನ್ನು ಗಟ್ಟಿ ಹಿಡಿದಿರುತ್ತದೆ, ಆಮ್ಲಜನಕ ಹೋದ ಕೂಡಲೇ ಕೈಬಿಡುತ್ತದೆ. ಅಂದರೆ ಹೊರಗಿನಿಂದ ಬರುವುದನ್ನು ಪೂರ್ತಿ ನಿಲ್ಲಿಸಿದರೂ ಹಳೆಯ ಕೆಸರೇ ವರ್ಷಗಟ್ಟಲೆ ಪಾಚಿಗೆ ಊಟ ಹಾಕುತ್ತದೆ. ಕೆರೆ ಸುಮ್ನೆ ಸರಿಹೋಗುವುದಿಲ್ಲ ಅನ್ನುವುದಕ್ಕೆ ಮುಖ್ಯ ಕಾರಣ ಇದೇ.

ಇನ್ನು ಗಣಿಯ ಕಡೆ: ಗೊತ್ತಿರುವ ಫಾಸ್ಫೇಟ್ ಕಲ್ಲಿನ ನಿಕ್ಷೇಪದಲ್ಲಿ ಸುಮಾರು 70% ಮೊರಾಕೊ ಮತ್ತು ಪಶ್ಚಿಮ ಸಹಾರಾದಲ್ಲೇ ಇದೆ. ಒಂದು ಕಡೆ ಕಲ್ಲು ಖಾಲಿಯಾಗುತ್ತಿದೆ, ಇನ್ನೊಂದು ಕಡೆ ಅದೇ ರಂಜಕ ಕೆರೆಯಲ್ಲಿ ಜಾಸ್ತಿಯಾಗಿ ಕೂತಿದೆ. ಅದಕ್ಕೇ ಈಗ ಕೆಲವು ಕೊಳಚೆ ನೀರು ಶುದ್ಧೀಕರಣ ಘಟಕಗಳಲ್ಲಿ ಸ್ಟ್ರೂವೈಟ್ ತೆಗೆಯುತ್ತಾರೆ. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿದ ಹರಳು ಇದು. ಮೊದಲು ಪೈಪ್ ಮುಚ್ಚಿಸುವ ತೊಂದರೆ ಅಂತ ಕೆರೆದು ತೆಗೆಯುತ್ತಿದ್ದದ್ದನ್ನೇ ಈಗ ಬೇಕೆಂದೇ ಹರಳುಗಟ್ಟಿಸಿ, ಒಣಗಿಸಿ ಹೊಲಕ್ಕೆ ಗೊಬ್ಬರವಾಗಿ ಕಳಿಸುತ್ತಾರೆ.