ಚಿತ್ರ ನೋಡದೆಯೇ ಜಿಗ್ಸಾ ಆಡಿಸುವ ಕಂಪ್ಯೂಟರ್

ತುಂಡುಗಳನ್ನು ಜೋಡಿಸಿ ಚಿತ್ರ ಪೂರ್ತಿ ಮಾಡುವ ಮೊಬೈಲಿನ ಜಿಗ್ಸಾ ಆಟದಲ್ಲಿ ಸರಿಯಾದ ಎರಡು ತುಂಡು ಹತ್ತಿರ ಬಂದರೆ ಟಕ್ ಅಂತ ಅಂಟಿಕೊಳ್ಳುತ್ತವೆ. 'ಎಐ ಹೇಗೆ ಗುರುತು ಹಿಡಿಯುತ್ತೆ ನೋಡಿ' ಅಂತ ಬೆರಗಾಗುವವರಿದ್ದಾರೆ. ಈಗ ಯಾವುದಕ್ಕೆ ಎಐ ಅನ್ನಬಾರದು ಅನ್ನೋದೇ ಮರೆತುಹೋಗಿದೆ! ಅಲ್ಲಿ ಕಂಪ್ಯೂಟರ್ ಚಿತ್ರವನ್ನು ನೋಡುವುದೇ ಇಲ್ಲ. ಮಾಡುವುದು ಬರೀ ಕಳೆಯುವ ಲೆಕ್ಕ.

ಪೂರ್ತಿ ಚಿತ್ರದಲ್ಲಿ ಪ್ರತಿ ತುಂಡಿಗೂ ಒಂದು ಮನೆ ಇರುತ್ತದೆ. ಒಂದು ತುಂಡಿನ ಮನೆ ಎಡದಿಂದ 700, ಮೇಲಿನಿಂದ 300 ಪಿಕ್ಸೆಲ್ (ಪರದೆಯ ಚುಕ್ಕಿ) ಅಂದುಕೊಳ್ಳಿ. ನೀವು ಅದನ್ನು ಎಳೆದು 250, 520ರಲ್ಲಿ ಇಟ್ಟಿದ್ದೀರಿ. ಅಂದರೆ ಅದು ಮನೆಯಿಂದ 450 ಎಡಕ್ಕೆ, 220 ಕೆಳಕ್ಕೆ ಬಂದಿದೆ. ಅದರ ಬಲಗಡೆಯ ತುಂಡಿನ ಮನೆ 800, 300. ಅದನ್ನು ತಂದು 352, 519ರಲ್ಲಿ ಬಿಡುತ್ತೀರಿ. ಅದು ಬಂದಿರುವುದು 448 ಎಡಕ್ಕೆ, 219 ಕೆಳಕ್ಕೆ. ಎರಡೂ ಹೆಚ್ಚುಕಮ್ಮಿ ಒಂದೇ ಕಡೆಗೆ, ಒಂದೇ ದೂರ ಬಂದಿವೆ ಅಲ್ವಾ? ಹಾಗಾದರೆ ಪಕ್ಕಪಕ್ಕದಲ್ಲಿ ಸರಿಯಾಗೇ ಕೂತಿವೆ. ಉಳಿದ ಒಂದೆರಡು ಪಿಕ್ಸೆಲ್ ಚೂರು ಸರಿಸಿದರೆ ಟಕ್!

ನನಗೆ ಇಷ್ಟವಾಗುವುದು ಇದರ ಮುಂದಿನ ಹೆಜ್ಜೆ. ಮನೆಯಿಂದ ಎಷ್ಟು ಪಕ್ಕಕ್ಕೆ, ಎಷ್ಟು ಕೆಳಕ್ಕೆ ಬಂದಿದೆ ಅನ್ನುವ ಈ ವ್ಯತ್ಯಾಸ ಅಂಟಿಕೊಂಡ 40 ತುಂಡುಗಳ ಇಡೀ ಗುಂಪಿಗೆ ಒಂದೇ. ಗುಂಪನ್ನು ಎಳೆದಾಗ ಆ ಎರಡು ಸಂಖ್ಯೆ ಬದಲಾದರೆ ಸಾಕು. ಎಲ್ಲ ತುಂಡುಗಳ ವ್ಯತ್ಯಾಸವೂ ಒಂದೇ ಆದ ಗಳಿಗೆಗೆ ಆಟ ಮುಗಿಯಿತು. ಚಿತ್ರ ಪರದೆಯ ಯಾವ ಮೂಲೆಯಲ್ಲಿ ಕೂಡಿದರೂ ಪರವಾಗಿಲ್ಲ.

ಉತ್ತರ ಗೊತ್ತಿದ್ದರೆ ಎಲ್ಲ ಸುಲಭ. ಗೊತ್ತಿಲ್ಲದೆ ಬಿಡಿಸಬೇಕಾದರೆ? 1000 ತುಂಡಿದ್ದರೆ ಹೋಲಿಸಿ ನೋಡಬೇಕಾದ ಜೋಡಿಗಳೇ 4,99,500. ಕಂಪ್ಯೂಟರಿನಿಂದ ನಿಜವಾಗಿ ಜಿಗ್ಸಾ ಬಿಡಿಸಿದವರಲ್ಲಿ ಮೊದಲಿಗರು ಸಂಶೋಧಕರಾದ ಹರ್ಬರ್ಟ್ ಫ್ರೀಮನ್ ಮತ್ತು ಗಾರ್ಡರ್. ಅದು 1964ರಲ್ಲಿ. ತುಂಡುಗಳ ಮೇಲೆ ಚಿತ್ರವಿಲ್ಲ, ಅಂಚಿನ ಆಕಾರ ಮಾತ್ರ. ತುಂಡುಗಳು ಬರೀ ಒಂಬತ್ತು! ಅದಕ್ಕೂ ಸುಮಾರು ಇನ್ನೂರು ವರ್ಷ ಮೊದಲು, 1760ರ ದಶಕದಲ್ಲಿ, ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಮರದ ಹಲಗೆಗೆ ನಕ್ಷೆ ಅಂಟಿಸಿ ದೇಶಗಳ ಗಡಿಗುಂಟ ಕತ್ತರಿಸಿ ಮಾರುತ್ತಿದ್ದ. ಮಕ್ಕಳಿಗೆ ಭೂಗೋಳ ಕಲಿಸಲು.

ಆ ಮರದ ಹಲಗೆಯಲ್ಲಿ ಆಗದ್ದು ಈಗಿನ ಕೆಲವು ಆಟಗಳಲ್ಲಿ ಆಗುತ್ತದೆ: ತುಂಡುಗಳ ಮೇಲೆ ವಿಡಿಯೊ ಓಡುತ್ತಿರುತ್ತದೆ. ಚಿತ್ರ ಅಲ್ಲಾಡಿದರೆ ಕಷ್ಟ ಜಾಸ್ತಿ ಅನ್ನಿಸಬಹುದು. ಎಷ್ಟೋ ಸಲ ಉಲ್ಟಾ. ಎಲ್ಲ ತುಂಡಿಗೂ ಗಡಿಯಾರ ಒಂದೇ. ರೈಲಿನ ಬೋಗಿ ಈ ತುಂಡಿನ ಬಲ ಅಂಚಿನಲ್ಲಿ ಮರೆಯಾಗುವ ಕ್ಷಣದಲ್ಲೇ ಪರದೆಯ ಇನ್ನೆಲ್ಲೋ ಬಿದ್ದಿರುವ ತುಂಡಿನ ಎಡ ಅಂಚಿನಲ್ಲಿ ಮೂಡುತ್ತದೆ. ಸಿಕ್ಕಿತಲ್ಲ ಜೋಡಿ! ಒಟ್ಟಿಗೆ ಚಲಿಸುವ ಚೂರುಗಳನ್ನು ನಮ್ಮ ಕಣ್ಣು ತಾನಾಗಿಯೇ ಒಂದು ಮಾಡಿಕೊಳ್ಳುತ್ತದೆ ಅಂತ ಜರ್ಮನ್ ಮನೋವಿಜ್ಞಾನಿ ಮ್ಯಾಕ್ಸ್ ವರ್ಟೈಮರ್ 1923ರಲ್ಲೇ ಬರೆದಿದ್ದರು. ಬೇಲಿಯ ಎಲೆಗಳ ನಡುವೆ ಕಾಣದೇ ಇದ್ದ ಗೋಸುಂಬೆ ಹೆಜ್ಜೆ ಇಟ್ಟ ಕೂಡಲೇ ತಲೆಯಿಂದ ಬಾಲದವರೆಗೆ ಎದ್ದು ಕಾಣುತ್ತದಲ್ಲ, ಹಾಗೆ.

ಮೋಡವಿಲ್ಲದ ಆಕಾಶ ಮಾತ್ರ ವಿಡಿಯೊದಲ್ಲೂ ಪೇಚಿಗೆ ಸಿಕ್ಕಿಸುತ್ತದೆ. ಎರಡು ನೀಲಿ ತುಂಡು ಕಣ್ಣಿಗೆ ಸರಿಯಾಗಿ ಕೂತಿರುತ್ತವೆ, ಆಟ ಅಂಟಿಸುವುದಿಲ್ಲ. ಸುಮ್ನೆ ಉಜ್ಜುತ್ತಾ ಕೂರಬೇಡಿ. ಅವುಗಳ ಮನೆ ಅಕ್ಕಪಕ್ಕದಲ್ಲಿಲ್ಲ ಅಷ್ಟೇ. ಬಣ್ಣ ಒಂದೇ ಇದೆ ಅನ್ನೋದು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.